ಪೇಪರ್ ನಾಲ್ಕು

ವಿಶ್ವಸಾಹಿತ್ಯದ ಪ್ರಮುಖ ಚಳವಳಿಗಳು.
ಗೈಡಿನ ಮೊದಲ ಹದಿನಾರು ಪುಟ
ಯಾರೋ ಹರಿದುಕೊಂಡಿದ್ದರು,
ಹಾಗಾಗಿ ನನ್ನ ಪಾಲಿಗೆ ಜಗತ್ತು ಶುರುವಾದದ್ದು
ಒಂದು ವಾಕ್ಯದ ನಡುವಿನಿಂದ:
'...ಎಂದು ಅವರು ಬಂಡೆದ್ದರು.'

ಸೋಲಾಪುರ. ಅಶೋಕ ಚೌಕದ ಹಿಂದಿನ ಗಲ್ಲಿ,
ಪತ್ರಾಸಿನ ಕೆಳಗೆ ಐದು ಮೊರ.
ನೆನೆಸಿ ಕತ್ತರಿಸಿದ ಎಲೆ, ಚಿಟಿಕೆ ತಂಬಾಕು, ಒಂದು ಸುತ್ತು, ದಾರ.
ಎಲ್ಲರ ಕೈಗೂ ಕೆಲಸ, ಕಿವಿ ಮಾತ್ರ ಖಾಲಿ.
ಗಟ್ಟಿಯಾಗಿ ಓದು, ಅಂದರು.
ನನ್ನ ಪಾಲಿನ ಇನ್ನೂರು ಬೀಡಿ
ನಾಲ್ಕು ಮಂದಿ ತಲಾ ಐವತ್ತು ಸುತ್ತುವುದೆಂದು ಮಾತಾಯಿತು.

'ರಮ್ಯ ಚಳವಳಿ,' ಓದಿದೆ.
ಶಿವಗಂಗವ್ವನ ಕತ್ತರಿ ನಿಂತಿತು.
ಕಲೆಕ್ಟರ್ ಕಚೇರಿ ಮುಂದೆ ಮೂರು ದಿನ ಕೂತು ಬಂದವಳು,
ಮೊಣಕಾಲ ಕೆಳಗೆ ಲಾಠಿಯ ಗುರುತು ಇನ್ನೂ ಇದೆ.
'ಎಷ್ಟು ಮಂದೀನ ಹಿಡದ್ರು?'
ಅದು ಅಂಥಾ ಚಳವಳಿ ಅಲ್ಲ ಅತ್ತಿ, ಸಾಹಿತ್ಯದ್ದು.
'ಆಗವಲ್ದ್ಯಾಕ. ಬೇಡಿಕಿ ಏನಿತ್ತು?'

ಗೈಡಿನಲ್ಲಿ ಲಕ್ಷಣಗಳಿದ್ದವು, ಎಂಟು.
ಬೇಡಿಕೆ ಇರಲಿಲ್ಲ.
ಹಿಂದೆ ತಿರುವಿದೆ, ಮುಂದೆ ತಿರುವಿದೆ,
ಕೊನೆಗೆ ಬಾಯಿಗೆ ಬಂದದ್ದು ಹೇಳಿದೆ:
ಒಬ್ಬ ಒಬ್ಬನೇ ಗುಡ್ಡ ಹತ್ತಿ
ಮೋಡ ನೋಡುತ್ತ ಅತ್ತರೆ
ಅದನ್ನೂ ಕೆಲಸವೆಂದು ಲೆಕ್ಕ ಹಿಡಿಯಬೇಕು.

ಯಾರೂ ನಗಲಿಲ್ಲ.
'ಕೂಲಿ ಎಷ್ಟು ಕೇಳಿದ್ರು?' ಅಂದಳು ನರ್ಸಮ್ಮ.

ವಾಸ್ತವವಾದ ಸಲೀಸು.
ರೊಟ್ಟಿಯ ದರ, ಬಾಡಿಗೆ ಬಾಕಿ, ರಾತ್ರಿಯ ಕೆಮ್ಮು,
ಇವನ್ನೆಲ್ಲ ಕಾದಂಬರಿಯೊಳಗೆ ಬಿಡಬೇಕು,
ಚಪ್ಪಲಿ ಹೊರಗೆ ಬಿಚ್ಚಿಸದೆ.
'ನ್ಯಾಯದ ಬೇಡಿಕಿ. ಸಿಕ್ತೇನು?'
ಸ್ವಲ್ಪ ಸಿಕ್ಕಿತು ಅತ್ತಿ.
'ಹಂಗಾರ ನಮ್ಮಂಗ.'

ಸಾಂಕೇತಿಕ ಚಳವಳಿಗೆ ನನ್ನ ವಿವರಣೆಯೇ ಬೇಕಾಗಲಿಲ್ಲ.
ಎಲ್ಲರಿಗೂ ಗೊತ್ತಿತ್ತು:
ಒಂದು ದಿನದ್ದು, ಮರುದಿನ ಕೆಲಸಕ್ಕೆ.
ನಾನು ತಿದ್ದಲಿಲ್ಲ.

ಅತಿವಾಸ್ತವ ಅಂದರೆ ಕನಸಿಗೂ ಹಾಜರಿ ಹಾಕುವುದು,
ಅಂತ ಹೇಳುತ್ತಿದ್ದಾಗ ನರ್ಸಮ್ಮ ಮೊರ ಸರಿಸಿ ಕೂತಳು:
ಹೋದ ವಾರ ಅವಳ ಹತ್ತೂ ಬೆರಳಿಗೆ ಎಲೆ ಚಿಗುರಿತ್ತಂತೆ.
ಚೆಕ್ಕರ್ ಬಂದವನು ಎಣಿಸಿ ನೋಡಿ
ನಾಲ್ಕನ್ನು ಛಾಟ ಮಾಡಿದನಂತೆ, ನರ ದಪ್ಪ ಅಂತ.
'ಬರಕೋ,' ಅಂದಳು.
ಅಂಚಿನಲ್ಲಿ ಬರೆದುಕೊಂಡೆ, ಪೆನ್ಸಿಲ್ಲಿನಿಂದ.

ಗೈಡಿನಲ್ಲಿ ಪ್ರತಿ ಚಳವಳಿಗೂ
ಮುಗಿದ ಇಸವಿ ಒಂದಿದೆ.
ಒಳಗಿನ ಹೊರಸಿನಿಂದ ಅಪ್ಪ ಕೇಳಿದ:
'ಮುಗೀತು ಅಂತ ಯಾರು ಹೇಳಿದ್ರು ಅವರಿಗೆ?'

ಅಪ್ಪನ ಮಿಲ್ಲು ಮುಚ್ಚಿ ಇಪ್ಪತ್ತೆರಡು ವರ್ಷ.
ಚಿಮಣಿ ನಿಂತಿದೆ, ಭೋಂಗಾ ಗುಜರಿಗೆ ಹೋಯಿತು.
ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ
ಅಪ್ಪ ಈಗಲೂ ಏಳುತ್ತಾನೆ,
ಟೋಪಿ ಇಟ್ಟುಕೊಳ್ಳುತ್ತಾನೆ,
ಬಾಗಿಲ ತನಕ ಹೋಗುತ್ತಾನೆ.
ಹೊಸ್ತಿಲ ಮೇಲೆ ಒಂದಷ್ಟು ಹೊತ್ತು ನಿಂತು
ಟೋಪಿ ತೆಗೆದು ಗೂಟಕ್ಕೆ ಹಾಕುತ್ತಾನೆ.

ಇದು ಯಾವ ವಾದದಲ್ಲಿ ಬರುತ್ತದೆ, ನನಗೆ ತಿಳಿಯದು.
ಹದಿನಾರು ಪುಟದಲ್ಲಿ ಇದ್ದಿರಬಹುದು.

ಪರೀಕ್ಷೆ ವಿಜಯಪುರದಲ್ಲಿ.
ಪ್ಯಾಸೆಂಜರ್ ಗಾಡಿ ತಡವಾಗಿ
ಬೆವರುತ್ತಲೇ ಬೆಂಚಿಗೆ ಕೂತೆ.
'ಯಾವುದಾದರೂ ಎರಡು ಚಳವಳಿಗಳ ಲಕ್ಷಣಗಳನ್ನು ವಿವರಿಸಿ.'
'ಲಕ್ಷಣಗಳು' ಅಂತ ಬರೆದೆ, ಕೆಳಗೆ ಗೆರೆ ಎಳೆದೆ,
ಗೆರೆಯ ಮೇಲೆಯೇ ಹೊಡೆದು ಹಾಕಿ
'ಬೇಡಿಕೆಗಳು' ಅಂತ ಬರೆದೆ.

ನಲವತ್ಮೂರು ಬಂತು.
ಉತ್ತರಪತ್ರಿಕೆ ವಾಪಸ್ಸು ಕೊಡುವುದಿಲ್ಲ,
ಕೆಂಪು ಶಾಯಿ ಎಲ್ಲೆಲ್ಲಿ ಬಿತ್ತೋ ನೋಡಲಾಗಲಿಲ್ಲ.

ಪಡಸಾಲೆಯಲ್ಲಿ ಅಂಕ ಎಷ್ಟೆಂದು ಯಾರೂ ಕೇಳಲಿಲ್ಲ.
'ಮುಂದಿನ ಪೇಪರ್ ಯಾವ್ದು?'
ಭಾಷಾವಿಜ್ಞಾನ, ಅತ್ತಿ.
'ಅದು ಚಳವಳಿ ಏನು?'
ಅಲ್ಲ.
'ಹಂಗಾರ,' ಅಂದಳು ಶಿವಗಂಗವ್ವ,
ಮೊರ ನನ್ನ ಕಡೆ ತಳ್ಳಿ,
'ನಿನ್ನ ಇನ್ನೂರು ನೀನs ಸುತ್ತಕೋ.'