ಹನ್ನೊಂದನೆಯದು

ಸದ್ದಿದೆ, ಚಿತ್ರವಿಲ್ಲ.
ಉಲಾನ್‌ಬಾತರಿನ ಏಳನೇ ಮಹಡಿ, ಹೊರಗೆ ಮೈನಸ್ ಮೂವತ್ತು.
ಕರೀ ಗಾಜಿನೊಳಗೆ ಯಾರೋ ಯಾರನ್ನೋ ಕೆಡವಿದರು,
ಜನ ಹೋ ಎಂದರು.
ಅತ್ತೆ ಗೋಡೆಯನ್ನೇ ಕೇಳಿದರು: ಬಿದ್ದವನು ಯಾರು?

ಕೋಣೆಯ ದೀಪ ಆರಿಸಿ, ಗಾಜಿಗೆ ಓರೆಯಾಗಿ ಟಾರ್ಚು ಹಿಡಿದೆ.
ಅಂಗೈಯಗಲ ಬೆಳಕಿನಲ್ಲಿ
ಒಂದು ತೊಡೆ. ಒಂದು ಕೆಂಪು ತೋಳು.
'ಅಲ್ಲಿ! ಆ ಕಡೆ!' ತೆಮೂಲೆನ್ ಕೂಗುತ್ತಾನೆ,
ಟಾರ್ಚು ಓಡುವಷ್ಟರಲ್ಲಿ ಪೈಲ್ವಾನ ಪರಾರಿ.

ಅಂದರೆ ಚಿತ್ರ ಸತ್ತಿಲ್ಲ,
ಅದರ ಬೆನ್ನ ಹಿಂದಿನ ದೀಪ ಸತ್ತಿದೆ.

ಪ್ಲಗ್ ಕಿತ್ತೆ. ಹದಿನೆಂಟು ಸ್ಕ್ರೂ, ಚಹಾ ಬಟ್ಟಲಲ್ಲಿ.
'ಗಣಿಯಿಂದ ಬಂದಾಗ ಅವನೇ ನೋಡಲಿ' ಅಂದರು ಅತ್ತೆ.
ನಿಮ್ಮ ಮಗನಿಗೆ ಗೊತ್ತಿರುವ ರಿಪೇರಿ ಒಂದೇ, ಗುದ್ದು.
ನಕ್ಕರು; ಇನ್ನೊಂದು ತುದಿ ಹಿಡಿದರು.
ಉಸಿರು ಬಿಗಿಹಿಡಿದು, ಹಾಲಿನ ಕೆನೆ ಎತ್ತುವಂತೆ
ಗಾಜನ್ನೆತ್ತಿ ಹಾಸಿಗೆಯ ಮೇಲೆ ಮಲಗಿಸಿದೆವು.

ಒಳಗೆ ಪಟ್ಟಿಯ ಮೇಲೆ ಸಾಲುದೀಪ, ಅಕ್ಕಿಕಾಳಿನಷ್ಟು.
ಮೀಟರಿನ ಮೊನೆ ಮುಟ್ಟಿಸಿದರೆ
ಒಂದೊಂದೂ ನಿದ್ದೆಗಣ್ಣು ಬಿಡುತ್ತದೆ.
ಹನ್ನೊಂದನೆಯದು ಬಿಡಲಿಲ್ಲ.
ಕೈಕೈ ಹಿಡಿದು ನಿಂತವರು;
ಒಬ್ಬ ಬಿಟ್ಟದ್ದಕ್ಕೆ ಎಲ್ಲರಿಗೂ ಕತ್ತಲೆ.
ಹಬ್ಬದ ದಿನ ಬದಲಿ ಎಲ್ಲಿಂದ ತರಲಿ?
ಸತ್ತವನ ಮೇಲೇ ಒಂದೆಳೆ ತಂತಿ ಬೆಸೆದು
ದಾಟಿ ಹೋಗಿ ಎಂದೆ.

ಹೊತ್ತಿತು.
ಬಲಮೂಲೆಯಲ್ಲೊಂದು ಮಬ್ಬು ಮಚ್ಚೆ,
ಬಟ್ಟಲಲ್ಲೊಂದು ಸ್ಕ್ರೂ, ಎಲ್ಲಿಯದೋ.
ಗಾಜಿನ ತುಂಬ ಪೈಲ್ವಾನರು ಹದ್ದಿನಂತೆ ತೋಳು ಬೀಸಿದರು.
ಅತ್ತೆಗೆ ಬಿದ್ದವನು ಸಿಕ್ಕ.

ತೆಮೂಲೆನ್ ಎರಡು ನಿಮಿಷ ನೋಡಿದ.
ಎದ್ದು ಹೋಗಿ ಟಾರ್ಚು ತಂದು ನನ್ನ ಕೈಗಿಟ್ಟ:
'ಮೊದಲಿನ ಹಾಗೇ ಮಾಡು.'