ಅಡ್ಡಿಲ್ಲ

ನಾನು ಬಿಲ್ ಬರೆಯುವವಳು,
ಅವರ್ಸಾ ಪೇಟೆಯ ಗೊಬ್ಬರದಂಗಡಿಯಲ್ಲಿ.
ಯೂರಿಯಾ, ಬೀಜ, ಹಗ್ಗ, ನೀಲಿ ತಾಡಪಾಲು,
ಹಿಂದಿನ ಕಪಾಟಿನಲ್ಲಿ ಬಾಟಲಿಗಳು,
ಹಳದಿ ತ್ರಿಕೋನದ್ದು, ನೀಲಿ ತ್ರಿಕೋನದ್ದು.
ಅದರ ವಾಸನೆ ನನಗೀಗ ಹತ್ತುವುದಿಲ್ಲ.
ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹತ್ತುತ್ತದೆ.

ಫೆಬ್ರವರಿಯ ಒಂದು ಸಂಜೆ ಬೀರಣ್ಣ ನಾಯಕರು ಬಂದರು.
ಭತ್ತ ಕೊಯ್ದ ಗದ್ದೆಯಲ್ಲಿ, ಕಡಲಿಗೆ ಎರಡು ಕೂಗಳತೆ ಈಚೆ,
ಕಲ್ಲಂಗಡಿ ಬಳ್ಳಿ ಹರಿದು ಹೂ ಬಿಟ್ಟಿತ್ತು.
ಎಲೆಯಡಿ ಹೇನು. ಚಿಗುರು ಮುರುಟಿತ್ತು.
ಬಾಟಲಿ ತಿರುಗಿಸುತ್ತ ಕೇಳಿದರು:
"ಪಂಪು ನಾಳೆ ಬೆಳಿಗ್ಗೆ ಮಾತ್ರ ಸಿಕ್ತದೆ ತಂಗಿ,
ಏಳು ಗಂಟೆಗೇ ಹೊಡುಕೆ ಅಡ್ಡಿಲ್ವ?"
ಚಿಲ್ಲರೆ ಎಣಿಸುತ್ತಿದ್ದೆ.
"ಅಡ್ಡಿಲ್ಲ" ಅಂದೆ.

ನಮ್ಮ ಕಡೆ ಈ ಮಾತು ಉಸಿರಿನ ಹಾಗೆ.
ಚಾ ಕುಡಿತ್ರಾ? ಅಡ್ಡಿಲ್ಲ.
ಜ್ವರ ಹೇಗುಂಟು? ಅಡ್ಡಿಲ್ಲ.
ಯಾರೂ ಅದನ್ನು ತೂಗಿ ಕೊಡುವುದಿಲ್ಲ,
ಯಾರೂ ಅದಕ್ಕೆ ರಸೀದಿ ಕೇಳುವುದಿಲ್ಲ.

ಕಲ್ಲಂಗಡಿ ಹೂವಿಗೆ ಇರುವುದು ಒಂದೇ ಬೆಳಗು.
ಬಿಸಿಲೇರುವ ಮುಂಚೆ ಹುಳ ಬಂದರೆ ಬಂತು,
ಮಧ್ಯಾಹ್ನಕ್ಕೆ ಬಾಗಿಲು ಹಾಕಿತು.
ನನಗಿದು ಗೊತ್ತಿರಲಿಲ್ಲ.
ಸಾತು ಗೌಡರು ಹೇಳಿದ್ದು, ಮೂರನೆಯ ದಿನ.

ಸಾತು ಗೌಡರದ್ದು ಆರು ಪೆಟ್ಟಿಗೆ, ತುಡುವೆ ಜೇನು,
ಗೇರು ಮರದ ನೆರಳಲ್ಲಿ,
ಇರುವೆ ಹತ್ತದಂತೆ ಕಾಲಿಗೆ ನೀರಿನ ಕರಟ.
ಎಲ್ಲ ಸತ್ತು ಬಿದ್ದಿದ್ದರೆ ಲೆಕ್ಕ ಸಿಕ್ತಿತ್ತು, ಅಂದರು.
ಸತ್ತದ್ದು ಒಂದು ಬೊಗಸೆ.
ಉಳಿದವು ಬರಲೇ ಇಲ್ಲ.
ಬಂದವು ಕೆಲವು ಹೊಸ್ತಿಲಲ್ಲೇ ಅಂಗಾತ ಬಿದ್ದು
ನಾಲಿಗೆ ಹೊರಚಾಚಿ ಬುಗುರಿಯಂತೆ ತಿರುಗಿದವು.
ಇನ್ನು ಕೆಲವನ್ನು ಕಾವಲಿನ ಹುಳಗಳೇ
ಮೂಸಿ ನೋಡಿ ಹೊರಗೆ ತಳ್ಳಿದವು,
ಒಡಹುಟ್ಟಿದವರನ್ನೇ,
ಮೈಗೆ ನನ್ನಂಗಡಿಯ ವಾಸನೆ ಹತ್ತಿದವರನ್ನು.

ಒಂದು ಎರಿ ಎತ್ತಿ ಬೆಳಕಿಗೆ ಹಿಡಿದರು.
ಅದರ ಮೇಲೊಂದು ಹುಳ ಕುಣಿಯುತ್ತಿತ್ತು.
ಹೂ ಎಷ್ಟು ದೂರ, ಸೂರ್ಯನಿಂದ ಎಷ್ಟು ವಾರೆ,
ಹೊಟ್ಟೆ ಅಲುಗಿಸಿ ಗೆರೆ ಎಳೆದು ಹೇಳುವ ಕುಣಿತವಂತೆ.
ಗೆರೆ ನಡುವೆಯೇ ನಿಂತಿತು.
ಬೇರೆ ಕಡೆ ಹೊರಳಿತು. ಮತ್ತೆ ನಿಂತಿತು.
"ಪಡುವಣಕ್ಕೆ ಹೋಗಿ ಅಂತದೆ ಕಾಣು."
ಪಡುವಣಕ್ಕೆ ಇರುವುದು ಬರೀ ಸಮುದ್ರ.
ನಾಲ್ಕೈದು ಹುಳ ಅದನ್ನು ನಂಬಿ ಹಾರಿದವು.

ಅವರು ಯಾರನ್ನೂ ಬೈಯಲಿಲ್ಲ.
ಬೀರಣ್ಣನ ಮನೆ ಬಾವಿಯಿಂದಲೇ ಅವರಿಗೂ ನೀರು.
ನಾನೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಅಂಗಡಿ ಮುಚ್ಚುವ ಮುಂಚೆ
ಬಾಟಲಿಯ ಕೊರಳಿನ ಕಾಗದ ಬಿಚ್ಚಿದೆ.
ಎಂಟು ಮಡಿಕೆ, ಹತ್ತು ಭಾಷೆ.
ಆರನೆಯದು ಕನ್ನಡ, ಸಾಸಿವೆಯಷ್ಟು ಅಕ್ಷರ:
ಹೂ ಬಿಟ್ಟಿರುವಾಗ ಸಿಂಪಡಿಸಬಾರದು.
ಮೂರು ವರ್ಷದಿಂದ ಈ ಕಾಗದ ಮಾರುತ್ತಿದ್ದೇನೆ.

ಏಪ್ರಿಲಿನಲ್ಲಿ ಬೀರಣ್ಣ ಒಂದು ಹಣ್ಣು ತಂದುಕೊಟ್ಟರು.
"ಮಾರೂಕೆ ಆಗೂದಿಲ್ಲ, ಸೊಟ್ಟ. ತಿನ್ನೂಕೆ ಅಡ್ಡಿಲ್ಲ."
ಒಂದು ಮಗ್ಗುಲು ತುಂಬಿತ್ತು,
ಇನ್ನೊಂದು ಬತ್ತಿದ ಕೆನ್ನೆಯಂತೆ ಒಳಸರಿದಿತ್ತು.
ಕೊಯ್ದೆ. ತುಂಬಿದ ಕಡೆ ಕಪ್ಪು ಬೀಜ.
ಬತ್ತಿದ ಕಡೆ ಬಿಳಿ ಹೊಟ್ಟು,
ಹುಳ ಮುಟ್ಟದೆ ಹೋದ ಬೆಳಗಿನ ಲೆಕ್ಕ.
ಎರಡೂ ಕಡೆ ಸಿಹಿ ಇತ್ತು. ಅದೇ ನುಂಗಲಾಗಲಿಲ್ಲ.

ನಿನ್ನೆ ಹಾರವಾಡದವರೊಬ್ಬರು ಅದೇ ಬಾಟಲಿ ಹಿಡಿದು
"ಅಡ್ಡಿಲ್ವ?" ಅಂದರು.
ನಾಲಿಗೆ ಆಗಲೇ ಅರ್ಧ ದಾರಿಗೆ ಹೋಗಿತ್ತು.
ಹಿಂದಕ್ಕೆ ಕರೆದೆ.
"ಬಳ್ಳಿಯಲ್ಲಿ ಹೂ ಉಂಟಾ?"
ಅವರು ಯೋಚಿಸಿದರು.
ಹಿಂದೆ ನಿಂತವರು ಗೊಣಗಿದರು, ಕೊನೆಯ ಬಸ್ಸಿನ ಹೊತ್ತು.
ಚಿಲ್ಲರೆ ನನ್ನ ಮುಷ್ಟಿಯಲ್ಲೇ ಇತ್ತು,
ಬಿಸಿಯಾಗುತ್ತ.