ಒಡೆದ ಪಿಸ್ಟನ್ ಇಟ್ಟ ಅಂಗಡಿ

ಏಳು ವರ್ಷ ಕಟ್ಟಿದ್ದೇನೆ ಈ ಕರೋಲಾವನ್ನು.
ಎಂಬತ್ತೆರಡರ ಮಾಡೆಲು, ನನಗಿಂತ ಒಂದು ವರ್ಷ ಹಿರಿಯಳು.
ಬೆಳಗಿನ ಜಾವ ಮೂರಕ್ಕೆದ್ದು ಬ್ರೆಡ್ಡಿನ ವ್ಯಾನು ಓಡಿಸಿದ ಸಂಬಳದಲ್ಲಿ
ಒಂದು ತಿಂಗಳು ಟರ್ಬೊ, ಇನ್ನೊಂದು ತಿಂಗಳು ಬರೀ ಬೋಲ್ಟು.
ಇಂಜೆಕ್ಟರು ಜಪಾನಿನದು, ರೇಡಿಯೇಟರು ಸೋದರಮಾವನ ಗುಜರಿಯದು,
ಬಾನೆಟ್ಟಿಗೆ ಬಳಿದ ಗಿಳಿಹಸಿರು ಮಾತ್ರ
ನನ್ನ ಸ್ವಂತ ತಪ್ಪು.

ಈಗ ಎಲ್ಲ ಸೇರಿದೆ, ಏನೂ ಕೂಡಿಲ್ಲ.
ಕೀಲಿ ತಿರುಗಿಸಿದರೆ ಕೆಮ್ಮು,
ಎರಡನೇ ಗೇರಿಗೆ ಹೊಗೆ, ಮೂರನೆಯದಕ್ಕೆ ಮುನಿಸು.
ಯಾರಾದರೂ ಹೊಂದಿಸಬೇಕು:
ಇಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಕಿಡಿ ಯಾವ ಗಳಿಗೆಗೆ.
ಸಾರಿನ ಉಪ್ಪಲ್ಲ ಇದು,
ಹೆಚ್ಚಾಯಿತೆಂದು ನೀರು ಬೆರೆಸಲು.

ಸಲೀನಾಸಿನ ಓಟಕ್ಕೆ ಇನ್ನು ಆರೇ ವಾರ.
ಬ್ರೆಡ್ಡು ಕೊಳ್ಳುವ ಪ್ರತಿಯೊಬ್ಬರ ಬಾಯಲ್ಲೂ ಒಂದೊಂದು ಅಂಗಡಿಯ ಹೆಸರು.

ಬಯಮೋನಿನದು ಗಾಜಿನ ಬಾಗಿಲು, ತಣ್ಣನೆ ಗಾಳಿ,
ನನ್ನ ಬೂಟಿಗೇ ನಾಚಿಕೆಯಾಗುವಷ್ಟು ಚೊಕ್ಕ ನೆಲ.
ಶರ್ಟಿನ ಮೇಲೆ ಹೆಸರು ಕಸೂತಿ ಮಾಡಿಸಿಕೊಂಡ ಹುಡುಗ
ಟ್ರೋಫಿಗಳಿಗೆ ಬೆನ್ನು ಕೊಟ್ಟು ನಿಂತು
ಬಾನೆಟ್ಟು ಎತ್ತದೆಯೇ ಹೇಳಿದ: "ನಾನೂರು ಕುದುರೆ. ಗ್ಯಾರಂಟಿ."
ಎತ್ತದೆಯೇ!
ಹುಡುಗಿಯ ಮುಖ ನೋಡದೆ
ಮದುವೆ ಕಾಗದ ಅಚ್ಚು ಹಾಕಿಸಿದ ಹಾಗೆ.
ಆದರೂ ಸುಳ್ಳು ಹೇಳಲಾರೆ, ದಾರಿಯುದ್ದಕ್ಕೂ
ಆ ನಾನೂರು ನನ್ನ ನಾಲಿಗೆ ಮೇಲೆ ಬೆಲ್ಲದಂತೆ ಕರಗುತ್ತಿತ್ತು.

ಆರೆಸೀಬೊದ ಎಲಿಯೂದ್ ಮಾವಿನ ಮರದಡಿ ಕೆಲಸ ಮಾಡುತ್ತಾನೆ.
ಅರ್ಧ ಬೆಲೆ. ಅವನ ಹೆಂಡತಿ ಊಟಕ್ಕೆ ಏಳಿಸದೆ ಬಿಡಲಿಲ್ಲ.
ಅವನನ್ನೇ ಒಪ್ಪಿಬಿಡಬೇಕೆಂದು ಮನಸ್ಸು ಎಷ್ಟು ಹಾತೊರೆಯಿತು!
"ಫೈಲು ರೆಡಿ ಇದೆ, ಹೋದ ವಾರ ಒಬ್ಬನ ಗಾಡಿಗೆ ಹಾಕಿದ್ದು,
ನಿನ್ನದಕ್ಕೂ ಆಗುತ್ತೆ" ಎಂದ.
ಕೈತೊಳೆದು ಎದ್ದೆ.
ಇನ್ನೊಬ್ಬರ ಹಲ್ಲುಸೆಟ್ಟು
ಎಷ್ಟೇ ಹೊಳೆದರೂ ಬಾಯಿಗಿಡುವುದು ಹೇಗೆ?

ನರಾಂಹಿತೊದ ಏರುದಾರಿ, ಒಂದು ಗಾಡಿಯಷ್ಟೇ ಅಗಲ.
ಶವಸಂಸ್ಕಾರದ ಹೂವಿನಂಗಡಿಯ ಪಕ್ಕ ಮಿಗ್ದಾಲಿಯಾಳ ಶೆಡ್ಡು.
ಬೋರ್ಡಿಲ್ಲ, ಟ್ರೋಫಿಯಿಲ್ಲ,
ಇದ್ದದ್ದು ಒಂದೇ ಹಲಗೆ; ಅದರ ಮೇಲೆ ಒಡೆದ ಪಿಸ್ಟನ್ನುಗಳು,
ಕರಗಿದವು, ಸೀಳಿದವು, ಅಂಚು ಮುರಿದವು,
ಪ್ರತಿಯೊಂದರಡಿ ಚೀಟಿ, ತಾರೀಖು, ಗಾಡಿಯವನ ಹೆಸರು.
ಕೆಲವಕ್ಕೆ: ಕಳಪೆ ಪೆಟ್ರೋಲು.
ಮೂರಕ್ಕೆ: ನನ್ನ ತಪ್ಪು.

ಎಷ್ಟು ಕುದುರೆ ಬೇಕೆಂದು ಕೇಳಲಿಲ್ಲ ಆಕೆ.
ಪೆಟ್ರೋಲು ಯಾವ ಬಂಕಿನದು ಎಂದಳು,
ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದಳು.
"ಮಗಳು" ಎಂದೆ. ಬರೆದುಕೊಂಡಳು.
"ಮೊದಲು ಇವಳು ಈಗ ಹೇಗಿದ್ದಾಳೋ ನೋಡೋಣ" ಎಂದು
ಗಾಲಿಗಳನ್ನು ರೋಲರಿಗೇರಿಸಿ, ಬೆಲ್ಟು ಬಿಗಿದು,
ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕಣ್ಣು ಮುಚ್ಚಿದಳು.
ಸಿಲಿಂಡರಿನೊಳಗೆ ಹೊತ್ತಿಲ್ಲದ ಹೊತ್ತಲ್ಲಿ ಸಿಡಿಯುವ
ಆ ಸಣ್ಣ ಚಿಟಪಟ,
ನನಗೆ ಏಳು ವರ್ಷದಲ್ಲಿ ಒಮ್ಮೆಯೂ ಕೇಳದ್ದು.

ಮೂರನೇ ಓಟದ ನಡುವೆ ಕರೆಂಟು ಹೋಯಿತು.
ಈ ದ್ವೀಪದಲ್ಲಿ ಅದಕ್ಕೆ ಯಾರೂ ಬೆಚ್ಚುವುದಿಲ್ಲ.
ಇಂಜಿನು ಆರಿಸಿದಳು. ರೋಲರು ತನ್ನಷ್ಟಕ್ಕೆ ತಿರುಗಿ ತಿರುಗಿ
ಸುಮ್ಮನಾಯಿತು. ಹೊರಗೆ ಕೊಕಿ ಕಪ್ಪೆಗಳು ಶುರು,
ಹೂವಿನಂಗಡಿಯಿಂದ ಒದ್ದೆ ಲಿಲ್ಲಿಯ ವಾಸನೆ.
ಕತ್ತಲಲ್ಲೇ ಅಂದಳು:
"ಹೆಡ್ಡು ತಾಳುವುದಿಲ್ಲ. ಇನ್ನೂರ ನಲವತ್ತಕ್ಕೆ ನಿಲ್ಲಿಸುತ್ತೇನೆ."
"ಬಯಮೋನಿನವರು ನಾನೂರು ಅಂದರು..."
"ಬರೆದುಕೊಡಲಾ? ಕಾಗದವಿದೆ, ಪೆನ್ನೂ ಇದೆ."

ಸಿಟ್ಟು ಬಂತು. ಇನ್ನೂರ ನಲವತ್ತಕ್ಕೆ ಏಳು ವರ್ಷವೇ?
ಮೊಬೈಲಿನ ಬೆಳಕು ಹಲಗೆಯ ಮೇಲೆ ಹಾಯಿಸಿದೆ.
ಎರಡು ಪಿಸ್ಟನ್ನುಗಳ ನಡುವೆ ಮುಷ್ಟಿಯಗಲ ಜಾಗ ಖಾಲಿ.
"ಅದು ನನ್ನದಕ್ಕಲ್ಲ ತಾನೇ?"

ಆಕೆ ನಗಲಿಲ್ಲ, ಜನರೇಟರಿನ ಹಗ್ಗ ಎಳೆಯಲು ಹೋದಳು.
ಒಂದು ಸಲ. ಹತ್ತಲಿಲ್ಲ. ಇನ್ನೊಂದು ಸಲ.
ಆಗ ನೋಡಿಕೊಂಡೆ, ನನ್ನ ಕೈಯಲ್ಲಿ ಕೀಲಿಯಿಲ್ಲ.
ಯಾವಾಗ ಕೊಟ್ಟೆನೋ.